ಉಳಿಕೆ ಜೋಡಿ: ಟೆಲ್ಲೂರಿಯಂ ಆಕ್ಸೈಡ್ ಖನಿಜಗಳ ಹರಳು ರಚನೆ ಮತ್ತು ಬಂಧ



ಭೂಮಿಯ ಹೊರಚಿಪ್ಪಿನಲ್ಲಿ ಟೆಲ್ಲೂರಿಯಂ ಎಂಬ ಧಾತು ಇರುವುದು ಹೆಚ್ಚುಕಡಿಮೆ ಚಿನ್ನದಷ್ಟು. ನೂರು ಕೋಟಿ ಪಾಲು ಕಲ್ಲಿನಲ್ಲಿ ಒಂದೋ, ಕೆಲವೋ ಪಾಲು. ಇಷ್ಟು ವಿರಳವಾದ ಧಾತು ಬೇರೆ ಯಾವುದಾದರೂ ಖನಿಜದೊಳಗೆ ಸದ್ದಿಲ್ಲದೆ ಸೇರಿಹೋಗಿರಬೇಕಿತ್ತು. ಗ್ಯಾಲಿಯಂ ಹಾಗೆಯೇ ಮಾಡಿದೆ. ಅದು ಸೀಸಕ್ಕೆ ಸರಿಸಮವಾದ ಪ್ರಮಾಣದಲ್ಲಿದ್ದರೂ ತನ್ನದೇ ಎನ್ನಬಹುದಾದ ಖನಿಜಗಳು ಅದಕ್ಕೆ ಬೆರಳೆಣಿಕೆಯಷ್ಟು, ಏಕೆಂದರೆ ಅಲ್ಯೂಮಿನಿಯಂ ಕೂರುವ ಜಾಗದಲ್ಲಿ ಅದೂ ಹೊಂದಿಕೊಂಡು ಕೂತುಬಿಡುತ್ತದೆ. ಟೆಲ್ಲೂರಿಯಂ ಈ ದಾರಿ ಹಿಡಿಯಲಿಲ್ಲ. ಅದು ಮುಖ್ಯ ಅಂಗವಾಗಿರುವ ಖನಿಜಗಳು 160ಕ್ಕೂ ಹೆಚ್ಚು. ಇರುವ ಪ್ರಮಾಣಕ್ಕೆ ಹೋಲಿಸಿದರೆ ಇಷ್ಟು ಬಗೆಬಗೆಯ ಖನಿಜಗಳನ್ನು ಕಟ್ಟಿದ ಧಾತು ಇನ್ನೊಂದಿಲ್ಲ. ಆ ಖನಿಜಗಳಲ್ಲಿ ಹಲವುಗಳ ಒಳರಚನೆಗೆ ಬೇರೆಲ್ಲೂ ಜೋಡಿಯೇ ಸಿಗುವುದಿಲ್ಲ.

ಇದು ಯಾಕೆ ಹೀಗೆ ಎಂಬುದೇ ಇಂದಿನ ಉಪನ್ಯಾಸದ ಪ್ರಶ್ನೆ. ಉತ್ತರದ ಬಹುಭಾಗ, ಟೆಲ್ಲೂರಿಯಂ ಯಾರಿಗೂ ಕೊಡದೆ ತನ್ನಲ್ಲೇ ಇಟ್ಟುಕೊಂಡ ಎರಡು ಎಲೆಕ್ಟ್ರಾನುಗಳಲ್ಲಿದೆ ಎಂದು ತೋರಿಸುವುದು ನನ್ನ ಉದ್ದೇಶ.

ಮಾತನ್ನು ಈ ನೆಲದಿಂದಲೇ ಎತ್ತಿಕೊಳ್ಳುತ್ತೇನೆ. ವಯನಾಡಿನ ಹಳೆಯ ನೈಸ್ ಶಿಲೆಗಳನ್ನು ಸೀಳಿಕೊಂಡು ಬೆಣಚುಕಲ್ಲಿನ ಎಳೆಗಳು ಹಾದುಹೋಗಿವೆ. ಒಂದು ಕಾಲದಲ್ಲಿ ಆಗ್ನೇಯ ವಯನಾಡು ಎನಿಸಿಕೊಂಡು, ಈಗ ನೀಲಗಿರಿ ಜಿಲ್ಲೆಗೆ ಸೇರಿರುವ ದೇವಾಲ, ಪಂದಲೂರುಗಳಲ್ಲಿ ಕುರುಂಬರು, ಪಣಿಯರು ಮರದ ಮರಿಗೆಯಲ್ಲಿ ಮಣ್ಣು ತೊಳೆದು ಚಿನ್ನದ ಕಣ ಹೆಕ್ಕುತ್ತಿದ್ದರು. ಗದಗಿನ ಕಪ್ಪತಗುಡ್ಡದ ಸೀಮೆಯಲ್ಲಿ ಇದೇ ಕೆಲಸ ಮಾಡುತ್ತಿದ್ದವರಿಗೆ ಜಾಲಗಾರರು ಎಂದು ಹೆಸರು. ಆಸ್ಟ್ರೇಲಿಯದ ಗಣಿಗಳಲ್ಲಿ ಅನುಭವ ಪಡೆದು ಬಂದ ಬ್ರಫ್ ಸ್ಮಿತ್ 1880ರಲ್ಲಿ ಸರ್ಕಾರಕ್ಕೆ ವರದಿ ಒಪ್ಪಿಸಿದರು. ಅದರ ಬೆನ್ನಿಗೇ ಲಂಡನ್ನಿನಲ್ಲಿ ಕಂಪನಿಗಳ ಮೇಲೆ ಕಂಪನಿಗಳು ಹುಟ್ಟಿದವು, ಕೆಲವೇ ವರ್ಷಗಳಲ್ಲಿ ಒಂದೊಂದಾಗಿ ಮುಳುಗಿದವು.

ಮುಳುಗಿದ್ದಕ್ಕೆ ಹಣಕಾಸಿನ ಕಾರಣಗಳು ಏನೇ ಇರಲಿ, ಅದರ ಹಿಂದೆ ಒಂದು ರಸಾಯನವೂ ಇದೆ. ನೆಲದ ಮೇಲ್ಪದರಕ್ಕೆ ಮಳೆ, ಗಾಳಿ ಸೋಕುತ್ತವೆ. ಬೆಣಚಿನೊಳಗಿನ ಪೈರೈಟ್, ಎಂದರೆ ಕಬ್ಬಿಣ ಮತ್ತು ಗಂಧಕದ ಹೊಳಪಿನ ಖನಿಜ, ಶತಮಾನಗಳಲ್ಲಿ ಕೊಳೆತು ತುಕ್ಕಾಗುತ್ತದೆ. ಗಂಧಕ ನೀರಿನೊಡನೆ ಹರಿದುಹೋಗುತ್ತದೆ. ಕಲ್ಲಿನಲ್ಲಿ ಕೆಂಪು ಕಂದು ಬಣ್ಣದ ಗೂಡುಗಳು ಉಳಿಯುತ್ತವೆ, ಆ ಗೂಡುಗಳಲ್ಲಿ ಚಿನ್ನ ಬಿಡಿಯಾಗಿ ನಿಲ್ಲುತ್ತದೆ. ಮರಿಗೆಯ ನೀರಿಗೆ ಸುಲಭವಾಗಿ ಸಿಗುವುದು ಈ ಚಿನ್ನ. ನೆಲದ ನೀರಿನ ಮಟ್ಟದಿಂದ ಕೆಳಗೆ ಆಕ್ಸಿಜನ್ ಇಳಿಯುವುದಿಲ್ಲ. ಅಲ್ಲಿ ಪೈರೈಟ್ ಪೈರೈಟಾಗಿಯೇ ಇರುತ್ತದೆ. ಮೇಲಿನ ಮಣ್ಣನ್ನು ನೋಡಿ ಆಳದ ಅದಿರನ್ನು ಅಳೆದವರು ಸೋತದ್ದು ಸಹಜ.

ಗಾಳಿ ನೀರುಗಳು ತಾಗಿ ಖನಿಜ ಬದಲಾಗುವ ಈ ಮೇಲ್ಪದರವೇ ಟೆಲ್ಲೂರಿಯಂ ಆಕ್ಸೈಡುಗಳ ತವರು. ಟೆಲ್ಲೂರಿಯಂ ಚಿನ್ನದ ಹಳೆಯ ಒಡನಾಡಿ. ಚಿನ್ನ ಬೇರೆ ಧಾತುಗಳೊಡನೆ ಸುಲಭವಾಗಿ ಬೆರೆಯುವುದಿಲ್ಲ. ಬೆರೆಯುವ ಕೆಲವೇ ಧಾತುಗಳಲ್ಲಿ ಇದು ಒಂದು. ಟೆಲ್ಲೂರಿಯಂ ಮೊದಲು ಗೊತ್ತಾದದ್ದೂ ಚಿನ್ನದ ಅದಿರಿನಿಂದಲೇ. 1782ರಲ್ಲಿ ಟ್ರಾನ್ಸಿಲ್ವೇನಿಯದ ಗಣಿಗಳ ಮೇಲ್ವಿಚಾರಕರಾಗಿದ್ದ ಮುಲ್ಲರ್ ಫಾನ್ ರೈಖೆನ್‌ಸ್ಟೈನ್ ಅಲ್ಲಿಯ ಬಿಳಿಚಿದ ಚಿನ್ನದ ಅದಿರಿನಲ್ಲಿ ಅದನ್ನು ಗುರುತಿಸಿದರು. 1798ರಲ್ಲಿ ಕ್ಲಾಪ್ರೋತ್ ಭೂಮಿ ಎಂಬ ಅರ್ಥದ ಲ್ಯಾಟಿನ್ ಪದದಿಂದ ಅದಕ್ಕೆ ಹೆಸರಿಟ್ಟರು. ಚಿನ್ನ ಮತ್ತು ಟೆಲ್ಲೂರಿಯಂ ಕೂಡಿದ ಖನಿಜ ಮೇಲ್ಪದರಕ್ಕೆ ಬಂದಾಗ ಆಕ್ಸಿಜನ್ ಟೆಲ್ಲೂರಿಯಂ ಅನ್ನು ಸೆಳೆದುಕೊಳ್ಳುತ್ತದೆ, ಚಿನ್ನ ಹಿಂದೆ ಉಳಿಯುತ್ತದೆ. ಹಾಗೆ ಉಳಿದ ಚಿನ್ನ ಸ್ಪಂಜಿನಂತೆ ತೂತುತೂತಾಗಿ, ಹೊಳಪಿಲ್ಲದೆ, ಸಾಸಿವೆ ಅರೆದ ಬಣ್ಣಕ್ಕಿರುತ್ತದೆ. ಆಸ್ಟ್ರೇಲಿಯದ ಕಾಲ್ಗೂರ್ಲಿಯ ಗಣಿಗಾರರು ಅದನ್ನು ಸಾಸಿವೆ ಚಿನ್ನ ಎಂದೇ ಕರೆದರು. ಸೆಳೆದೊಯ್ದ ಟೆಲ್ಲೂರಿಯಂ ಹತ್ತಿರದಲ್ಲೇ ಕಬ್ಬಿಣ, ತಾಮ್ರ, ಸೀಸಗಳೊಡನೆ ಸೇರಿಯೋ, ಒಂಟಿಯಾಗಿಯೋ ಹೊಸ ಹರಳುಗಳನ್ನು ಕಟ್ಟುತ್ತದೆ.

ಆ ಹರಳುಗಳ ಒಳಗಿನ ಲೆಕ್ಕಕ್ಕೆ ಈಗ ಬರೋಣ. ಟೆಲ್ಲೂರಿಯಂ 52ನೆಯ ಧಾತು. ಆವರ್ತ ಕೋಷ್ಟಕದಲ್ಲಿ ಆಕ್ಸಿಜನ್, ಗಂಧಕ, ಸೆಲೆನಿಯಂಗಳ ಕೆಳಗೆ ಅದರ ಸ್ಥಾನ. ಹೊರಕವಚದಲ್ಲಿ ಆರು ಎಲೆಕ್ಟ್ರಾನುಗಳು. ಆಳದ ಗಣಿಯಲ್ಲಿ, ಆಕ್ಸಿಜನ್ ಇಲ್ಲದ ಕಡೆ, ಅದು ಲೋಹಗಳಿಂದ ಎರಡು ಎಲೆಕ್ಟ್ರಾನು ಪಡೆದು ಎಂಟನ್ನು ತುಂಬಿಸಿಕೊಳ್ಳುತ್ತದೆ. ಆಗ ಅದರ ಉತ್ಕರ್ಷಣ ಸಂಖ್ಯೆ ಋಣ 2. ಆ ಖನಿಜಗಳಿಗೆ ಟೆಲ್ಲೂರೈಡುಗಳು ಎಂದು ಹೆಸರು. ಗಾಳಿಗೆ ಬಂದಾಗ ವ್ಯವಹಾರ ತಲೆಕೆಳಗಾಗುತ್ತದೆ. ಪಡೆಯುತ್ತಿದ್ದದ್ದು ಈಗ ಕೊಡಬೇಕಾಗುತ್ತದೆ, ಆಕ್ಸಿಜನ್ನಿಗೆ ನಾಲ್ಕನ್ನೋ ಆರನ್ನೋ.

ಆರನ್ನೂ ಕೊಟ್ಟ ಟೆಲ್ಲೂರಿಯಂ ಬಗ್ಗೆ ಹೇಳಬೇಕಾದ್ದು ಕಡಿಮೆ. ಅದರ ಸುತ್ತ ಆರು ಆಕ್ಸಿಜನ್‌ಗಳು ಸಮದೂರದಲ್ಲಿ ನಿಲ್ಲುತ್ತವೆ: ಮೇಲೊಂದು, ಕೆಳಗೊಂದು, ನಾಲ್ಕು ದಿಕ್ಕಿಗೆ ನಾಲ್ಕು. ಅಷ್ಟಮುಖಿ ಎಂದು ಪಾಠದಲ್ಲಿ ಓದುವ ಆಕಾರ ಇದೇ. ಟೆಲ್ಲೂರಿಯಂನಿಂದ ಪ್ರತಿ ಆಕ್ಸಿಜನ್ನಿಗೆ ಸುಮಾರು 1.92 ಆಂಗ್‌ಸ್ಟ್ರಾಮ್. ಒಂದು ಮೀಟರನ್ನು ಸಾವಿರ ಕೋಟಿ ಭಾಗ ಮಾಡಿದರೆ ಒಂದು ಭಾಗ ಒಂದು ಆಂಗ್‌ಸ್ಟ್ರಾಮ್. ಇಲ್ಲಿ ಎಲ್ಲವೂ ಅಚ್ಚುಕಟ್ಟು.

ನಾಲ್ಕನ್ನು ಮಾತ್ರ ಕೊಟ್ಟ ಟೆಲ್ಲೂರಿಯಂ ಬೇರೆಯೇ ಬಗೆ. ಅದರಲ್ಲಿ ಎರಡು ಎಲೆಕ್ಟ್ರಾನುಗಳು ಉಳಿಯುತ್ತವೆ. ಪಠ್ಯಪುಸ್ತಕಗಳು ಇದನ್ನು ಒಂಟಿ ಜೋಡಿ ಎನ್ನುತ್ತವೆ. ಒಂಟಿಯೂ ಜೋಡಿಯೂ ಒಟ್ಟಿಗೆ ಬಂದು ಕಲಿಯುವ ಮಕ್ಕಳು ಗೊಂದಲಗೊಳ್ಳುವುದನ್ನು ಕಂಡಿದ್ದೇನೆ. ಕೊಡು ಕೊಳ್ಳುವಿಕೆ ಮುಗಿದ ಮೇಲೆ ಮನೆಯಲ್ಲಿ ಉಳಿದದ್ದು ಎಂಬ ಅರ್ಥದಲ್ಲಿ ಉಳಿಕೆ ಜೋಡಿ ಎನ್ನುವುದು ನನಗೆ ಹೆಚ್ಚು ಒಪ್ಪಿಗೆಯಾಗುತ್ತದೆ. ಈ ಉಪನ್ಯಾಸದಲ್ಲಿ ಆ ಮಾತನ್ನೇ ಬಳಸುತ್ತೇನೆ.

ಉಳಿಕೆ ಜೋಡಿ ಯಾವ ಬಂಧಕ್ಕೂ ಸೇರಿಲ್ಲ ನಿಜ, ಆದರೆ ಜಾಗ ಹಿಡಿಯುತ್ತದೆ. ಸಿಡ್ಜ್‌ವಿಕ್ ಮತ್ತು ಪೊವೆಲ್ 1940ರಲ್ಲಿ ಸೂಚಿಸಿದ ವಿಚಾರವನ್ನು 1957ರಲ್ಲಿ ಗಿಲೆಸ್ಪಿ ಮತ್ತು ನೈಹೋಮ್ ನಿಯಮದ ರೂಪಕ್ಕೆ ತಂದರು: ಅಣುವಿನ ಆಕಾರ ನಿರ್ಧಾರವಾಗುವಾಗ ಬಂಧದಲ್ಲಿರುವ ಜೋಡಿಗಳ ಜೊತೆಗೆ ಬಂಧದಲ್ಲಿಲ್ಲದ ಜೋಡಿಗಳನ್ನೂ ಎಣಿಸಬೇಕು. ಬಂಧದ ಜೋಡಿಯನ್ನು ಎರಡು ಪರಮಾಣುಗಳು ಹಿಡಿದಿಟ್ಟಿರುತ್ತವೆ, ಅದು ತೆಳ್ಳಗೆ ನಿಲ್ಲುತ್ತದೆ. ಉಳಿಕೆ ಜೋಡಿಯನ್ನು ಹಿಡಿದಿರುವುದು ಒಂದೇ ಪರಮಾಣು. ಅದು ಹರಡಿಕೊಂಡು, ನೆರೆಯ ಬಂಧಗಳನ್ನು ಆಚೆ ತಳ್ಳುತ್ತದೆ.

ಇದರ ಪರಿಣಾಮವನ್ನು ಒಂದು ಹರಳಿನಲ್ಲಿ ಹತ್ತಿರದಿಂದ ನೋಡೋಣ. ಪ್ಯಾರಾಟೆಲ್ಲೂರೈಟ್ ಎಂಬ ಖನಿಜ ಒಂದು ಟೆಲ್ಲೂರಿಯಂಗೆ ಎರಡು ಆಕ್ಸಿಜನ್ ಲೆಕ್ಕದ ಸರಳ ಆಕ್ಸೈಡ್. ಮೆಕ್ಸಿಕೋದ ಮಾದರಿಯಿಂದ 1960ರಲ್ಲಿ ಇದಕ್ಕೆ ಖನಿಜದ ಸ್ಥಾನ ದೊರಕಿತು. ಇದರಲ್ಲಿ ಪ್ರತಿ ಟೆಲ್ಲೂರಿಯಂ ಸುತ್ತ ನಾಲ್ಕು ಆಕ್ಸಿಜನ್‌ಗಳಿವೆ. ಎರಡು ಹತ್ತಿರ, 1.88 ಆಂಗ್‌ಸ್ಟ್ರಾಮ್ ದೂರದಲ್ಲಿ. ಎರಡು ತುಸು ದೂರ, 2.12ರಲ್ಲಿ. ನಾಲ್ಕೂ ಒಂದೇ ಪಕ್ಕಕ್ಕೆ ವಾಲಿಕೊಂಡಿವೆ, ಇನ್ನೊಂದು ಪಕ್ಕ ಖಾಲಿ.

ಪನಮರಂ ಹೊಳೆಯ ಬಂಡೆಯ ಮೇಲೆ ನೀರುಕಾಗೆ ಮುಳುಗೆದ್ದು ಬಂದು ರೆಕ್ಕೆ ಒಣಗಿಸಿಕೊಳ್ಳಲು ನಿಲ್ಲುವ ಭಂಗಿಯನ್ನು ನೆನೆದುಕೊಳ್ಳಿ. ಎರಡು ಗಿಡ್ಡ ಕಾಲುಗಳು ಬಂಡೆಯನ್ನು ಗಟ್ಟಿಯಾಗಿ ಹಿಡಿದಿವೆ. ಎರಡು ಉದ್ದ ರೆಕ್ಕೆಗಳು ಇಕ್ಕೆಲಕ್ಕೆ ಚಾಚಿವೆ, ಪೂರ್ತಿ ನೇರವಾಗಿ ಅಲ್ಲ, ತುಸು ಕಾಲಿನ ಕಡೆಗೆ ಬಾಗಿ. ಟೆಲ್ಲೂರಿಯಂ ಹಕ್ಕಿಯ ಒಡಲು. ಹತ್ತಿರದ ಎರಡು ಆಕ್ಸಿಜನ್‌ಗಳು ಪಾದಗಳ ಜಾಗದಲ್ಲಿ, ದೂರದ ಎರಡು ರೆಕ್ಕೆಯ ತುದಿಗಳಲ್ಲಿ. ಕಾಲುಗಳ ನಡುವಿನ ಕೋನ ಸುಮಾರು 103 ಡಿಗ್ರಿ, ರೆಕ್ಕೆಯಿಂದ ರೆಕ್ಕೆಗೆ ಸುಮಾರು 168. ನೇರವಾಗಿದ್ದರೆ 180 ಇರಬೇಕಿತ್ತು. ಆ ಹನ್ನೆರಡು ಡಿಗ್ರಿ ಬಾಗು ಬೆನ್ನ ಮೇಲೆ ಕೂತಿರುವ ಉಳಿಕೆ ಜೋಡಿ ತಳ್ಳಿದ್ದರ ಗುರುತು.

ಇನ್ನು ಬಂಧದ ಬಲದ ಲೆಕ್ಕ. 1929ರಲ್ಲಿ ಲೈನಸ್ ಪಾಲಿಂಗ್ ಒಂದು ತತ್ತ್ವ ಹೇಳಿದರು: ಹರಳಿನಲ್ಲಿ ಪ್ರತಿಯೊಂದು ಆಕ್ಸಿಜನ್ನಿಗೆ ಸುತ್ತಲಿನ ಲೋಹಗಳಿಂದ ಬರುವ ಬಂಧಬಲಗಳ ಮೊತ್ತ 2ಕ್ಕೆ ಸಮನಾಗಬೇಕು. ಬಂಧ ಗಿಡ್ಡವಾದಷ್ಟೂ ಬಲ ಹೆಚ್ಚು ಎಂಬುದನ್ನು ಸೇರಿಸಿ, ಉದ್ದದಿಂದ ಬಲವನ್ನು ಲೆಕ್ಕ ಹಾಕುವ ಪಟ್ಟಿಗಳನ್ನು ಬ್ರೌನ್ ಮತ್ತು ಆಲ್ಟರ್‌ಮಾಟ್ 1985ರಲ್ಲಿ ಸಿದ್ಧಪಡಿಸಿದರು. ಅವರ ಸೂತ್ರಕ್ಕೆ 1.88 ಕೊಟ್ಟರೆ ಬಲ 1.30 ಬರುತ್ತದೆ. 2.12 ಕೊಟ್ಟರೆ 0.68. ಎರಡು ಕಾಲು, ಎರಡು ರೆಕ್ಕೆ ಕೂಡಿಸಿದರೆ 3.96. ಟೆಲ್ಲೂರಿಯಂ ಕೊಟ್ಟ ಎಲೆಕ್ಟ್ರಾನುಗಳು ನಾಲ್ಕು! ಆಕ್ಸಿಜನ್ ಕಡೆಯಿಂದಲೂ ನೋಡಿ. ಈ ಹರಳಿನಲ್ಲಿ ಪ್ರತಿ ಆಕ್ಸಿಜನ್ ಒಂದು ಹಕ್ಕಿಯ ಪಾದವೂ ಹೌದು, ಇನ್ನೊಂದು ಹಕ್ಕಿಯ ರೆಕ್ಕೆತುದಿಯೂ ಹೌದು. 1.30ಕ್ಕೆ 0.68 ಕೂಡಿದರೆ 1.98. ಬೇಕಾದದ್ದು 2. ಎಕ್ಸ್ ಕಿರಣ ಹಾಯಿಸಿ ಅಳೆದ ಎರಡು ಉದ್ದಗಳಿಂದ ಎರಡು ಕಡೆಯ ಖಾತೆಯೂ ಇಷ್ಟು ಹತ್ತಿರಕ್ಕೆ ಸರಿಹೋಗುವುದನ್ನು ಮೊದಲ ಸಲ ನಾನೇ ಕೂಡಿಸಿ ನೋಡಿದ ದಿನ ಆದ ಸಂತೋಷ ಇಂದಿಗೂ ಆರಿಲ್ಲ. ವಿದ್ಯಾರ್ಥಿಗಳು ಇದನ್ನು ಮನೆಯಲ್ಲಿ ಕೂತು ಮಾಡಬಹುದು. 1.977ರಿಂದ ಬಂಧದ ಉದ್ದವನ್ನು ಕಳೆದು 0.37ರಿಂದ ಭಾಗಿಸಿ, ಬಂದ ಸಂಖ್ಯೆಯನ್ನು ಘಾತವಾಗಿಟ್ಟುಕೊಂಡು 2.718ರ ಬೆಲೆ ಕಂಡುಹಿಡಿದರೆ ಆಯಿತು.

ಒಂದರ ಪಾದ ಇನ್ನೊಂದರ ರೆಕ್ಕೆತುದಿಗೆ, ಅದರ ಪಾದ ಮತ್ತೊಂದಕ್ಕೆ, ಹೀಗೆ ಈ ಘಟಕಗಳು ಮೂರು ದಿಕ್ಕಿಗೂ ಹೆಣೆದುಕೊಳ್ಳುತ್ತವೆ. ಹೆಣಿಗೆ ಸುರುಳಿ ಮೆಟ್ಟಿಲಿನಂತೆ, ಪ್ರತಿ ಹಂತಕ್ಕೂ ಕಾಲು ಸುತ್ತು ತಿರುಗುತ್ತ ಏರುತ್ತದೆ. ಸುರುಳಿ ಎಡಕ್ಕೂ ಬಲಕ್ಕೂ ತಿರುಗಬಹುದಾದ್ದರಿಂದ ಎಡಗೈ ಹರಳು, ಬಲಗೈ ಹರಳು ಎಂದು ಎರಡು ಬಗೆ. ಈ ತಿರುವು ಬೆಳಕಿಗೂ ತಾಗುತ್ತದೆ. ಧ್ರುವೀಕರಿಸಿದ ಕೆಂಪು ಲೇಸರ್ ಬೆಳಕು ಈ ಸುರುಳಿಯ ಉದ್ದಕ್ಕೆ ಸಾಗಿದರೆ ಪ್ರತಿ ಮಿಲಿಮೀಟರಿಗೆ ಸುಮಾರು 87 ಡಿಗ್ರಿ ತಿರುಗುತ್ತದೆ. ಈ ಗುಣಕ್ಕೆ ಹೆಸರಾದ ಬೆಣಚು ಹರಳು ತಿರುಗಿಸುವುದಕ್ಕಿಂತ ಇದು ನಾಲ್ಕು ಪಟ್ಟಿಗೂ ಹೆಚ್ಚು.

ಇದೇ ಆಕ್ಸೈಡಿನ ಇನ್ನೊಂದು ರೂಪಕ್ಕೆ ಟೆಲ್ಲೂರೈಟ್ ಎಂದು ಹೆಸರು. ಲೋಹಗಳೊಡನೆ ಕೂಡಿದ ಟೆಲ್ಲೂರೈಡಿಗೂ ಇದಕ್ಕೂ ಒಂದಕ್ಷರದ ವ್ಯತ್ಯಾಸ ಇರುವುದರಿಂದ ಓದುವಾಗ ಎಚ್ಚರ ಬೇಕು. ವಸ್ತು ಅದೇ, ಪ್ರಮಾಣ ಅದೇ, ನಾಲ್ಕು ಆಕ್ಸಿಜನ್ನಿನ ಹಕ್ಕಿಯೂ ಅದೇ. ಹೆಣಿಗೆ ಮಾತ್ರ ಬೇರೆ. ಇಲ್ಲಿ ಎರಡು ಹಕ್ಕಿಗಳು ಎದುರುಬದುರಾಗಿ ನಿಲ್ಲುತ್ತವೆ, ಪ್ರತಿಯೊಂದೂ ಇನ್ನೊಂದರ ಒಂದು ಪಾದವನ್ನು ತನ್ನ ಒಂದು ರೆಕ್ಕೆತುದಿಯಲ್ಲಿ ಹಿಡಿದುಕೊಳ್ಳುತ್ತದೆ. ಎಂದರೆ ಎರಡು ಟೆಲ್ಲೂರಿಯಂಗಳು ಎರಡು ಆಕ್ಸಿಜನ್‌ಗಳನ್ನು ಹಂಚಿಕೊಂಡು ಒಂದು ಗಟ್ಟಿ ಜೋಡಣೆಯಾಗುತ್ತವೆ. ಇಂಥ ಜೋಡಣೆಗಳು ಉಳಿದ ಮೂಲೆಗಳಿಂದ ಒಂದಕ್ಕೊಂದು ಸೇರಿ ಹಾಳೆಗಳಾಗುತ್ತವೆ. ಉಳಿಕೆ ಜೋಡಿಗಳೆಲ್ಲ ಹಾಳೆಯಿಂದ ಹೊರಕ್ಕೆ, ಹಾಳೆ ಹಾಳೆಗಳ ನಡುವಿನ ಸಂದಿಗೆ ಮುಖ ಮಾಡಿವೆ. ಸಂದಿಯಲ್ಲಿ ಬಲವಾದ ಬಂಧಗಳಿಲ್ಲ. ಅದರಿಂದಲೇ ಟೆಲ್ಲೂರೈಟ್ ಬಾಳೆದಿಂಡಿನ ಪೊರೆಯಂತೆ ತೆಳು ಪದರಗಳಾಗಿ ಸುಲಭಕ್ಕೆ ಸೀಳುತ್ತದೆ, ಪದರಗಳು ಬಾಗುತ್ತವೆ. ಪ್ಯಾರಾಟೆಲ್ಲೂರೈಟ್‌ನಲ್ಲಿ ಇಂಥ ಸಡಿಲು ಸಂದಿ ಇಲ್ಲ. ಬೆರಳಿಗೆ ತಾಗುವ ಒಂದು ಗುಣದ ಮೂಲ, ಕಣ್ಣಿಗೆ ಎಂದೂ ಕಾಣದ ಎರಡು ಎಲೆಕ್ಟ್ರಾನುಗಳು ಯಾವ ಕಡೆ ತಿರುಗಿ ಕೂತಿವೆ ಎಂಬುದರಲ್ಲಿದೆ.

ಮಹನೀಯರೆ, ಬೇರೆ ಲೋಹಗಳು ಸೇರಿದಾಗ ಟೆಲ್ಲೂರಿಯಂ ಹೆಚ್ಚಾಗಿ ಮೂರೇ ಆಕ್ಸಿಜನ್‌ಗಳನ್ನು ಹತ್ತಿರ ಇಟ್ಟುಕೊಳ್ಳುತ್ತದೆ. ಮೂರು ಕಲ್ಲಿನ ಒಲೆಯ ಮೇಲೆ ಮಡಕೆ ಕೂತಂತೆ, ಮೂರು ಆಕ್ಸಿಜನ್‌ಗಳ ಮೇಲೆ ಟೆಲ್ಲೂರಿಯಂ, ಅದರ ನೆತ್ತಿಯಲ್ಲಿ ಉಳಿಕೆ ಜೋಡಿ. ಕಬ್ಬಿಣ ಸೇರಿದ ಹಳದಿ ಹಸುರಿನ ಎಮ್ಮೊನ್ಸೈಟ್, ತಾಮ್ರ ಸೇರಿದ ನೀಲಿಯ ಟೈನೈಟ್ ಈ ಕಟ್ಟಡದವು. ಮೊದಲನೆಯದು ಅಮೆರಿಕದ ಅರಿಜೋನದಿಂದ, ಎರಡನೆಯದು ಜಪಾನಿನ ಹೊಕ್ಕೈಡೊ ದ್ವೀಪದ ಟೈನೆ ಗಣಿಯಿಂದ ಬೆಳಕಿಗೆ ಬಂದವು.

ಈ ಗುಂಪಿನಲ್ಲಿ ನನ್ನ ಮನಸ್ಸು ನಿಲ್ಲುವುದು ಜೆಮಾನೈಟ್ ಎಂಬ ಖನಿಜದ ಮೇಲೆ. ಮೆಕ್ಸಿಕೋದ ಸೊನೋರ ಪ್ರಾಂತ್ಯದ ಮೊಕ್ತೆಸುಮ ಗಣಿಯಲ್ಲಿ ದೊರೆತ ಇದಕ್ಕೆ, ಟೆಲ್ಲೂರಿಯಂ ಆಕ್ಸಿಜನ್ ಬಂಧಗಳನ್ನು ಬಹುಕಾಲ ಅಭ್ಯಾಸ ಮಾಡಿದ ವಿಯೆನ್ನಾದ ಜೋಸೆಫ್ ಜೆಮಾನ್ ಅವರ ಹೆಸರು. ಇದರ ರಚನೆಯನ್ನು ವಿವರಿಸಲು ನನಗೆ ವಯನಾಡಿಗಿಂತ ಒಳ್ಳೆಯ ಜಾಗ ಸಿಗುವುದಿಲ್ಲ. ಗದ್ದೆಯಂಚಿನಲ್ಲಿ ಒರತೆ ಕಂಡ ಕಡೆ ಮುಳ್ಳು ಕುರುಮರು ಪನೆಮರದ ಕಾಂಡದ ತಿರುಳು ತೆಗೆದು, ಆ ಕೊಳವೆಯನ್ನು ನೆಲಕ್ಕಿಳಿಸಿ ಮಾಡುವ ಕೇಣಿಯನ್ನು ಇಲ್ಲಿರುವವರೆಲ್ಲ ಬಲ್ಲರು. ಗೋಡೆ ಕಾಂಡದ್ದು, ಒಳಗೆ ಟೊಳ್ಳು, ಟೊಳ್ಳಿನಲ್ಲಿ ನೀರು. ಜೆಮಾನೈಟ್ ಹರಳೂ ಒಂದರ ಪಕ್ಕ ಒಂದು ನಿಲ್ಲಿಸಿದ ಇಂಥ ಕೊಳವೆಗಳ ಗುಂಪು. ಸತು, ಕಬ್ಬಿಣಗಳ ಅಷ್ಟಮುಖಿಗಳೂ ಟೆಲ್ಲೂರಿಯಂನ ಮೂರು ಕಲ್ಲಿನ ಒಲೆಗಳೂ ಸೇರಿ ಗೋಡೆ ಕಟ್ಟಿವೆ. ಕೊಳವೆಯ ಬಾಯಿ ಸುಮಾರು 8 ಆಂಗ್‌ಸ್ಟ್ರಾಮ್ ಅಗಲ. ಒಳಗೆ ನೀರಿನ ಅಣುಗಳು, ಅವುಗಳ ನಡುವೆ ಮೆಗ್ನೀಸಿಯಂ. ಗೋಡೆ ಒಳಕ್ಕೆ ಕುಸಿಯದಂತೆ ಟೊಳ್ಳನ್ನು ಕಾಯುತ್ತಿರುವುದು ಕೊಳವೆಯ ಒಳಮೈಗೆ ಮುಖಮಾಡಿ ಕೂತ ಉಳಿಕೆ ಜೋಡಿಗಳು. ಆ ಕಡೆ ಯಾರೂ ಬಂಧ ಕಟ್ಟಲು ಬಾರದಂತೆ ಅವು ಜಾಗ ಹಿಡಿದಿವೆ.

ಈಗ ಮೊದಲ ಪ್ರಶ್ನೆಗೆ ಮರಳುವ ಹೊತ್ತು. ಕ್ರಿಸ್ಟಿ, ಮಿಲ್ಸ್ ಮತ್ತು ಕ್ಯಾಂಫ್ ಎಂಬ ಮೂವರು ಖನಿಜವಿಜ್ಞಾನಿಗಳು 2016ರಲ್ಲಿ ಒಂದು ದೊಡ್ಡ ಸಮೀಕ್ಷೆ ಪ್ರಕಟಿಸಿದರು. ಟೆಲ್ಲೂರಿಯಂ ಆಕ್ಸಿಜನ್ನಿಗೆ ಮಾತ್ರ ಬಲವಾಗಿ ಬಂಧಿಸಿರುವ, ರಚನೆ ಚೆನ್ನಾಗಿ ಗೊತ್ತಿರುವ 703 ಸಂಯುಕ್ತಗಳನ್ನು ಅವರು ಒಂದೊಂದಾಗಿ ಪರಿಶೀಲಿಸಿದರು. ಅವುಗಳಲ್ಲಿ 55 ಪ್ರಕೃತಿಯಲ್ಲಿ ಖನಿಜಗಳಾಗಿ ಸಿಗುವಂಥವು. ನಾಲ್ಕು ಕೊಟ್ಟ ಟೆಲ್ಲೂರಿಯಂ ಮಾತ್ರ ಇರುವವು 375, ಆರು ಕೊಟ್ಟದ್ದು ಮಾತ್ರ ಇರುವವು 302, ಎರಡೂ ಇರುವವು 26. ಆರು ಕೊಟ್ಟದ್ದು ಬೆರಳೆಣಿಕೆಯ ಅಪವಾದ ಬಿಟ್ಟರೆ ಎಲ್ಲೆಲ್ಲೂ ಅದೇ ಅಷ್ಟಮುಖಿ. ನಾಲ್ಕು ಕೊಟ್ಟದ್ದರಲ್ಲಿ ಸುತ್ತಲಿನ ಆಕ್ಸಿಜನ್‌ಗಳ ಸಂಖ್ಯೆಯೂ ಬಂಧಗಳ ಉದ್ದವೂ ವಿಶಾಲವಾದ ಹರಹಿನಲ್ಲಿ ಬದಲಾಗುತ್ತವೆ. ಗ್ಯಾಲಿಯಂ ಏಕೆ ತನ್ನದೇ ಖನಿಜಗಳನ್ನು ಹೆಚ್ಚಾಗಿ ಕಟ್ಟಲಿಲ್ಲ ಎಂದರೆ ಅದರ ಆಕಾರಕ್ಕೆ ಹೊಂದುವ ಸಿದ್ಧ ಜಾಗ ಅಲ್ಯೂಮಿನಿಯಂ ಖನಿಜಗಳಲ್ಲಿ ಇತ್ತು. ಬೆನ್ನ ಮೇಲೆ ಉಳಿಕೆ ಜೋಡಿ ಹೊತ್ತ ಟೆಲ್ಲೂರಿಯಂಗೆ ಸಾಮಾನ್ಯ ಶಿಲಾಖನಿಜಗಳಲ್ಲಿ ಅಂಥ ಸಿದ್ಧ ಜಾಗ ಇಲ್ಲ. ಹೋದಲ್ಲೆಲ್ಲ ಅದು ಹೊಸ ಮನೆಯನ್ನೇ ಕಟ್ಟಬೇಕು. ಋಣ 2ರಿಂದ ಧನ 6ರವರೆಗಿನ ಸ್ಥಿತಿಗಳು ಅದಕ್ಕೆ ಇರುವುದರಿಂದ, ಕಟ್ಟುವ ಸಂದರ್ಭಗಳೂ ಹೆಚ್ಚು.

ಇಲ್ಲಿಂದ ಬೆಂಗಳೂರಿನ ಕಡೆಗೆ ಒಂದು ದಾರಿ ಇದೆ, ಅದನ್ನು ಹೇಳದೆ ಮುಂದೆ ಹೋಗಲಾರೆ. ಪ್ಯಾರಾಟೆಲ್ಲೂರೈಟ್ ಇಂದು ಪ್ರಯೋಗಾಲಯಗಳಲ್ಲಿ ಕರಗಿಸಿ ಎಳೆದು ಬೆಳೆಸುವ, ಬೇಡಿಕೆಯುಳ್ಳ ಹರಳು. ಅದರೊಳಗೆ ಒಂದು ನಿರ್ದಿಷ್ಟ ದಿಕ್ಕಿನಲ್ಲಿ ಅಡ್ಡಕ್ಕೆ ಅಲುಗುವ ಶಬ್ದದ ಅಲೆ ಸೆಕೆಂಡಿಗೆ ಸುಮಾರು 617 ಮೀಟರ್ ವೇಗದಲ್ಲಿ ಮಾತ್ರ ಸಾಗುತ್ತದೆ. ನೀರಿನಲ್ಲಿ ಶಬ್ದ ಸುಮಾರು 1,480 ಮೀಟರ್ ಸಾಗುತ್ತದೆ, ಗಾಜಿನಲ್ಲಿ ಐದಾರು ಸಾವಿರ. ಒಂದು ಗಟ್ಟಿ ಹರಳು ನೀರಿಗಿಂತ ನಿಧಾನವಾಗಿ ಶಬ್ದವನ್ನು ಒಯ್ಯುವುದು ಅಪರೂಪದ ಸಂಗತಿ. ಮೂಲೆಗಳಲ್ಲಿ ಮಾತ್ರ ಸೇರಿದ ಘಟಕಗಳು ಆಕ್ಸಿಜನ್ ಎಂಬ ಕೀಲಿನಲ್ಲಿ ಸುಲಭವಾಗಿ ಓರೆಯಾಗುತ್ತವೆ, ಉದ್ದ ಬಂಧಗಳು ಅದಕ್ಕೆ ಹೆಚ್ಚು ತಡೆ ಒಡ್ಡುವುದಿಲ್ಲ, ಹೀಗೆಂದು ನಾನು ಅರ್ಥಮಾಡಿಕೊಂಡಿದ್ದೇನೆ.

ಶಬ್ದ ಸಾಗುವಾಗ ಹರಳಿನಲ್ಲಿ ಸಾಲುಸಾಲಾಗಿ ಬದಲಾವಣೆಯ ಪಟ್ಟೆಗಳು ಮೂಡುತ್ತವೆ, ಅವುಗಳ ಮೂಲಕ ಹಾಯುವ ಬೆಳಕು ಬೇರೆ ಬೇರೆ ಕೋನಗಳಿಗೆ ಒಡೆಯುತ್ತದೆ. 1932ರಲ್ಲಿ ಅಮೆರಿಕ, ಫ್ರಾನ್ಸ್‌ಗಳಲ್ಲಿ ಕಂಡ ಈ ವಿದ್ಯಮಾನಕ್ಕೆ ತೃಪ್ತಿಕರ ಸಿದ್ಧಾಂತ ಕಟ್ಟಿದ್ದು 1935-36ರಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಸಿ. ವಿ. ರಾಮನ್ ಮತ್ತು ಎನ್. ಎಸ್. ನಾಗೇಂದ್ರನಾಥ್. ಸೆಕೆಂಡಿಗೆ 5 ಕೋಟಿ ಸಲ ಕಂಪಿಸುವ ಶಬ್ದಕ್ಕೆ ಪ್ಯಾರಾಟೆಲ್ಲೂರೈಟ್‌ನಲ್ಲಿ ಪಟ್ಟೆಯಿಂದ ಪಟ್ಟೆಗೆ ಸುಮಾರು 12 ಮೈಕ್ರೋಮೀಟರ್ ದೂರ. ಗಾಜಿನಲ್ಲಾದರೆ ಸುಮಾರು ನೂರಿಪ್ಪತ್ತು. ಪಟ್ಟೆ ದಟ್ಟವಾದಷ್ಟೂ ಬೆಳಕು ಹೆಚ್ಚು ಬಾಗುತ್ತದೆ. ಲೇಸರ್ ಕಿರಣವನ್ನು ಯಂತ್ರಭಾಗಗಳಿಲ್ಲದೆ ಬೇಕಾದ ಕಡೆಗೆ ತಿರುಗಿಸುವ ಸಾಧನಗಳಿಗೆ ಈ ಹರಳನ್ನು ಆರಿಸುವುದು ಇದಕ್ಕಾಗಿ. ಇಂದಿನ ಸಾಧನಗಳು ಬಹುಪಾಲು ಆ ಸಿದ್ಧಾಂತದ ಮೂಲ ಸನ್ನಿವೇಶಕ್ಕಿಂತ ಬೇರೆಯಾದ ಸನ್ನಿವೇಶದಲ್ಲಿ ಕೆಲಸ ಮಾಡುತ್ತವೆ, ಆದರೂ ರಾಮನ್ ಮತ್ತು ನಾಗೇಂದ್ರನಾಥ್ ಹೆಸರುಗಳನ್ನು ಎತ್ತದೆ ಆ ಶಾಸ್ತ್ರದ ಮೊದಲ ಪಾಠ ಮುಗಿಯುವುದಿಲ್ಲ.

ಕೊನೆಗೆ ಕೋಲಾರ. ವಯನಾಡಿನ ಕಂಪನಿಗಳು ಮುಳುಗುತ್ತಿದ್ದ ದಶಕದಲ್ಲೇ ಕೋಲಾರದ ಚಾಂಪಿಯನ್ ಎಳೆ ಕೈಗೆ ಹತ್ತಿತು, ಗಣಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿಯಿತು, 2001ರಲ್ಲಿ ಮುಚ್ಚಿತು. ಅಲ್ಲಿಯ ಕಾರ್ಮಿಕರ, ಚಿನ್ನದ, ಆಳದ ಕಥೆಗಳು ಕನ್ನಡದಲ್ಲಿ ಬಂದಿವೆ. ಆದರೆ ಖನಿಜಗಳ ಪಟ್ಟಿಗೆ ಕೋಲಾರ ಕೊಟ್ಟ ಎರಡು ಹೊಸ ಹೆಸರುಗಳನ್ನು ಕನ್ನಡಿಗರು ಅಷ್ಟಾಗಿ ಬಲ್ಲರೆಂದು ನನಗನ್ನಿಸುವುದಿಲ್ಲ, ಅದು ನನಗೆ ನೋವಿನ ವಿಷಯ. 1985ರಲ್ಲಿ ಗೆನ್ಕಿನ್, ಸಫೊನೊವ್ ಮೊದಲಾದ ರಷ್ಯದ ವಿಜ್ಞಾನಿಗಳೂ ವಾಸುದೇವ್, ಕೃಷ್ಣರಾವ್ ಎಂಬ ನಮ್ಮವರೂ ಕೂಡಿ ಚಾಂಪಿಯನ್ ಎಳೆಯ ಅದಿರಿನಿಂದ ಎರಡು ಖನಿಜಗಳನ್ನು ವರ್ಣಿಸಿದರು. ನಯಗೊಳಿಸಿದ ಕಲ್ಲಿನ ಚೂರಿನಲ್ಲಿ, ಸೂಕ್ಷ್ಮದರ್ಶಕದಡಿ ಮಾತ್ರ ಕಾಣುವ ಕಣಗಳು ಅವು. ಸೀಸ, ಟೆಲ್ಲೂರಿಯಂ, ಕ್ಲೋರಿನ್ ಕೂಡಿದ ಒಂದಕ್ಕೆ ಕೋಲಾರೈಟ್ ಎಂದು ಹೆಸರಿಟ್ಟರು. ಅದಕ್ಕಿಂತ ಟೆಲ್ಲೂರಿಯಂ ಹೆಚ್ಚಿರುವ, ತುಸು ಗಂಧಕವೂ ಇರುವ ಇನ್ನೊಂದು ರಾಧಾಕೃಷ್ಣೈಟ್.

ಎರಡನೆಯ ಹೆಸರು ಬಿ. ಪಿ. ರಾಧಾಕೃಷ್ಣ ಅವರದು. 1918ರಿಂದ 2012ರವರೆಗೆ ಬಾಳಿದ ಅವರು ಮೈಸೂರಿನ ಭೂವಿಜ್ಞಾನ ಇಲಾಖೆಯಲ್ಲಿ ದುಡಿದವರು, 1958ರಲ್ಲಿ ಆರಂಭವಾದ ಭಾರತೀಯ ಭೂವೈಜ್ಞಾನಿಕ ಸಂಘವನ್ನೂ ಅದರ ಪತ್ರಿಕೆಯನ್ನೂ ದಶಕಗಳ ಕಾಲ ಹೆಗಲ ಮೇಲೆ ಹೊತ್ತವರು, ಕನ್ನಡದಲ್ಲೂ ಬರೆದವರು. ಪೀಠ, ಪ್ರಶಸ್ತಿ, ಪ್ರತಿಮೆಗಳಿಗಿಂತ ಒಂದು ಖನಿಜದ ಹೆಸರಾಗಿ ಉಳಿಯುವುದು ಭೂವಿಜ್ಞಾನಿಗೆ ಸಲ್ಲುವ ಗೌರವ ಎಂದೇ ನಾನು ಎಣಿಸುತ್ತೇನೆ.

ಕೋಲಾರದ ಈ ಎರಡು ಖನಿಜಗಳು ಆಕ್ಸೈಡುಗಳಲ್ಲ, ಕ್ಲೋರೈಡುಗಳು. ಹಾಗಿದ್ದೂ ನಮ್ಮ ವಿಷಯದ ನಡುವೆಯೇ ಇವುಗಳ ಸ್ಥಾನ. ಕೋಲಾರೈಟ್ ಇರುವುದು ಆಲ್ಟೈಟ್ ಎಂಬ ಸೀಸದ ಟೆಲ್ಲೂರೈಡಿನ ಒಡನಾಟದಲ್ಲಿ. ಆಲ್ಟೈಟ್‌ನ ರಚನೆ ಅಡುಗೆ ಉಪ್ಪಿನದೇ: ಸೀಸವೊಂದರ ಸುತ್ತ ಆರು ಟೆಲ್ಲೂರಿಯಂ, ಟೆಲ್ಲೂರಿಯಂ ಒಂದರ ಸುತ್ತ ಆರು ಸೀಸ, ಎಲ್ಲವೂ ಲಂಬಕೋನಗಳಲ್ಲಿ. ಅಲ್ಲಿ ಟೆಲ್ಲೂರಿಯಂ ಋಣ 2. ಕೋಲಾರೈಟ್‌ನಲ್ಲಿ ಒಂದು ಸೀಸ, ಒಂದು ಟೆಲ್ಲೂರಿಯಂ, ಎರಡು ಕ್ಲೋರಿನ್. ಸೀಸ ಕೊಡುವ ಎರಡನ್ನೂ ಕ್ಲೋರಿನ್‌ಗಳು ತೆಗೆದುಕೊಂಡರೆ ಟೆಲ್ಲೂರಿಯಂ ಪಾಲಿಗೆ ಬರುವುದು ಸೊನ್ನೆ. ಪಡೆಯುವುದನ್ನು ಬಿಟ್ಟಾಗಿದೆ, ಕೊಡುವುದನ್ನು ಇನ್ನೂ ಆರಂಭಿಸಿಲ್ಲ. ಟೆಲ್ಲೂರೈಡಿನಿಂದ ಆಕ್ಸೈಡಿಗೆ ಏರುವ ಮೆಟ್ಟಿಲುಗಳ ನಡುವಿನ ಒಂದು ಮೆಟ್ಟಿಲು ಕೋಲಾರದ ಕತ್ತಲೆಯಲ್ಲಿ, ಆಕ್ಸಿಜನ್ನಿನ ಬದಲು ಕ್ಲೋರಿನ್ನಿನ ನೆರವಿನಿಂದ ಕಟ್ಟಿಕೊಂಡು ನಿಂತಿದೆ. ಆ ಕ್ಲೋರಿನ್ ಉಪ್ಪು ತುಂಬಿದ ಬಿಸಿನೀರಿನೊಡನೆ ಬಂದಿರಬೇಕೆಂದು ತರ್ಕಿಸುವುದು ಸಹಜ.

ಆಳದ ಆ ಸುರಂಗಗಳಲ್ಲಿ ಈಗ ನೀರು ನಿಂತಿದೆ. ಆದರೆ ನೂರಕ್ಕೂ ಹೆಚ್ಚು ವರ್ಷ ಅಲ್ಲಿಂದ ಮೇಲೆತ್ತಿ, ಪುಡಿಮಾಡಿ, ಚಿನ್ನ ತೆಗೆದು ಸುರಿದ ಕಲ್ಲುಹಿಟ್ಟು ಕೆಜಿಎಫ್ ಊರಿನ ಸುತ್ತ ಸೈನೈಡ್ ದಿಬ್ಬಗಳಾಗಿ ಬಿದ್ದಿದೆ. ಮೂರು ಕಿಲೋಮೀಟರ್ ಕೆಳಗೆ ಎಂದೂ ಗಾಳಿ ಕಾಣದಿದ್ದ ಕಣಗಳ ಮೇಲೆ ಈಗ ಪ್ರತಿ ವರ್ಷ ಮಳೆ ಬೀಳುತ್ತದೆ, ಬಿಸಿಲು ಕಾಯುತ್ತದೆ. ಇಲ್ಲಿ ಕೂತಿರುವ ವಿದ್ಯಾರ್ಥಿಗಳಲ್ಲಿ ಯಾರಾದರೂ ಮುಂದೆ ಭೂವಿಜ್ಞಾನ ಹಿಡಿದರೆ, ಆ ದಿಬ್ಬಗಳ ಹಿಟ್ಟನ್ನು ನಯಗೊಳಿಸಿ ಸೂಕ್ಷ್ಮದರ್ಶಕದಡಿ ಇಟ್ಟು, ಆಲ್ಟೈಟ್ ಕಣಗಳ ಅಂಚನ್ನು ಮೊದಲು ನೋಡಿ. ಆಕ್ಸಿಜನ್ ಮೊದಲು ತಾಗುವುದು ಆ ಅಂಚಿಗೆ. ನಾಲ್ಕು ಎಲೆಕ್ಟ್ರಾನು ಕೊಟ್ಟು ಎರಡನ್ನು ಬೆನ್ನ ಮೇಲೆ ಹೊತ್ತ ಟೆಲ್ಲೂರಿಯಂ ಹೊಸ ಹರಳು ಕಟ್ಟುವುದಿದ್ದರೆ ಅಲ್ಲೇ ಕಟ್ಟುತ್ತದೆ.